ಹಿಂಬೆಳಕಿಗೆ ಎರಡನೆಯ ಕಣ್ಣು

ಸಂಜೆ ಐದಕ್ಕೆ ಪುಣೆಯಿಂದ ಗೆಳೆಯನ ಫೋನು ಬಂತು. ಅವನೂ ನಮ್ಮ ಬೆಳಗಾವಿಯವನೇ, ಅಲ್ಲಿ ಖಗೋಳದ ಕೆಲಸದಲ್ಲಿದ್ದ. ನನ್ನದು ಇಲ್ಲೇ ಕಾಲೇಜಿನಲ್ಲಿ ಮಾಸ್ತರಿಕೆ. ಭೂಮಿಯ ಸುತ್ತ ತಿರುಗುವ ದೂರದರ್ಶಕವೊಂದು ಅಂದು ಬೆಳಿಗ್ಗೆ ಗಾಮಾ ಕಿರಣಗಳ ಸ್ಫೋಟವೊಂದನ್ನು ಹಿಡಿದಿತ್ತಂತೆ. ಆ ಕಿರಣಗಳನ್ನು ನಮ್ಮ ಗಾಳಿ ನೆಲಕ್ಕೆ ಬಿಡುವುದಿಲ್ಲ, ಮೇಲಿನ ಕಣ್ಣೇ ಬೇಕು. ಸ್ಫೋಟ ಕೆಲವೇ ಸೆಕೆಂಡು. ಆಮೇಲೆ ಉಳಿಯುವ ಹಿಂಬೆಳಕು ಮಾತ್ರ ತಾಸುತಾಸಿಗೆ ಕುಗ್ಗುತ್ತ ಹೋಗುತ್ತದೆ; ಜೋರಿದ್ದರೆ ಅದು ನೆಲದಿಂದಲೂ ಕಾಣುತ್ತದೆ.

"ಇಲ್ಲಿ ಮೋಡ ಐತಿ. ಜಪಾನಿನಾಗ ಅದು ಮುಳುಗೂ ಹೊತ್ತು, ಯುರೋಪಿನಾಗ ಇನ್ನೂ ಹಗಲು. ಇವತ್ತ ಸಂಜಿಗೆ ಎಷ್ಟು ಮಂದ ಆಗೇತಿ ಅಂತ ನೀನ ಹೇಳಬೇಕು," ಎಂದ. ಮತ್ತೆ, "ಆದ್ರ ಇನ್ನೊಬ್ಬರ ಕಣ್ಣಿಗೂ ತೋರಸು. ನಿನ್ನೊಬ್ಬನ ಮಾತು ಇಲ್ಲಿ ಯಾರೂ ತಗೊಳ್ಳಂಗಿಲ್ಲ," ಎಂದ.

ತಪ್ಪು ನನ್ನದೇ. ಹಿಂದಿನ ವರ್ಷ ನಾನು ಹಿಂಬೆಳಕೆಂದು ಹೇಳಿದ್ದು ಎಂದಿನಿಂದಲೋ ಅಲ್ಲೇ ಇದ್ದ ಹಳೆಯ ನಕ್ಷತ್ರ. ಈ ಸಲವೂ ತಪ್ಪಿದರೆ ಇನ್ನು ಫೋನೇ ಬರುವುದಿಲ್ಲ ಎಂದು ಗೊತ್ತಿತ್ತು.

ಅವನು ಕಳಿಸಿದ ಆಕಾಶದ ನಕ್ಷೆಯನ್ನು ಟಿಳಕವಾಡಿಯ ಸೈಬರ್ ಕೆಫೆಯಲ್ಲಿ ಮುದ್ರಿಸಿಕೊಂಡೆ. ನನ್ನ ದೂರದರ್ಶಕವನ್ನೂ, ಆಟೋ ನಗರದ ಮಿಸ್ತ್ರಿ ಟ್ರಕ್ಕಿನ ಬೇರಿಂಗ್ ಹಾಕಿ ಮಾಡಿಕೊಟ್ಟ ಸ್ಟ್ಯಾಂಡನ್ನೂ ಜೀಪಿಗೆ ಹೇರಿ ಪಾರಿಶ್ವಾಡದ ಕಾಕಾನ ಹೊಲ ಮುಟ್ಟಿದಾಗ ಕತ್ತಲಾಗುತ್ತಿತ್ತು. ನಕ್ಷೆಯಲ್ಲಿ ಗುರುತಿಸಿದ್ದ ಪಡುವಣ ಆಕಾಶದ ಆ ಜಾಗ ಮರಗಳ ಹಿಂದೆ ಇಳಿಯಲು ಒಂದೂವರೆ ತಾಸು. ಸರಿಯಾಗಿ ಅದರ ಕೆಳಗೇ ಬಾಜು ಹೊಲದವರ ಬೆಲ್ಲದ ಗಾಣ. ಒಲೆ ಧಗಧಗ ಉರಿಯುತ್ತಿತ್ತು, ಹೊಗೆ ಮುಗಿಲಿಗೆ ಏರಿತ್ತು.

ಎರಡನೆಯ ಕಣ್ಣು ನಿನ್ನದಾಗಲಿ ಎಂದರೆ ಕಾಕಾ ಮೊದಲೇ ಕೈ ಎತ್ತಿದ. "ನನಗ ಕಣ್ಣಾಗ ಪೊರಿ. ಚಂದ್ರಾಮನ ಇಬ್ಬರು ಕಾಣತಾರ. ನಾ ಸಾಕ್ಷಿ ಹೇಳಿದ್ರ ನಿನ್ನ ಮಾನ ಹೊಕ್ಕೈತಿ."

ಕೊಪ್ಪರಿಗೆಯ ಮುಂದೆ ಹದ ನೋಡುತ್ತಿದ್ದ ಹಿರಿಯರ ಬಳಿ ಹೋದೆ. "ಯಜಮಾನ್ರ, ಮುಗಿಲಾಗ ಒಂದು ಚಿಕ್ಕಿ ನೋಡೂದೈತ್ರಿ, ಅರ್ಧಾ ತಾಸು ಒಲಿ ಸಣ್ಣ ಮಾಡ್ತೀರೇನ್ರಿ?"

"ಈಗ ಉರಿ ತಗದ್ರ ಇಡೀ ಕೊಪ್ಪರಿಗಿ ಕೆಡತೈತ್ರಿ ಮಾಸ್ತರ. ನಿಮ್ಮ ಚಿಕ್ಕಿ ನಾಳಿ ಇರೂದಿಲ್ಲೇನು?"

"ಇರೂದಿಲ್ರಿ."

ಆಗ ತಿರುಗಿ ನನ್ನ ಮುಖ ನೋಡಿದರು. "ಹಂಗಾರ ಕುಂದರ್ರಿ. ಹದಾ ಬಂದ ಕೂಡಲೇ ಒಲಿ ಬಂದ್."

ಕುಳಿತೆ. ಅವರು ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಹಿಸುಕುತ್ತಿದ್ದರು, ತಲೆ ಅಲ್ಲಾಡಿಸಿ ಚೆಲ್ಲುತ್ತಿದ್ದರು. ಇಪ್ಪತ್ತು ನಿಮಿಷವಾಯಿತು. ಮುಕ್ಕಾಲು ತಾಸಾಯಿತು. ನಾನು ಗಡಿಯಾರ ನೋಡುವುದನ್ನು ಕಂಡೂ ಅವರು ಅವಸರ ಮಾಡಲಿಲ್ಲ. ಕೊನೆಗೆ ನಾಲ್ವರು ಸೇರಿ ಕೊಪ್ಪರಿಗೆ ಇಳಿಸಿದಾಗ ಉಳಿದದ್ದು ಅರ್ಧ ತಾಸು.

ಒಲೆ ನೋಡಿದ ಕಣ್ಣಿಗೆ ಮಂದ ಚಿಕ್ಕಿ ಕಾಣುವುದಿಲ್ಲ. ಎರಡನೆಯ ಕಣ್ಣಾಗಲು ಯಜಮಾನರನ್ನೇ ಕೇಳಿಕೊಂಡೆ; ಹೊಗೆ ಚದುರುವವರೆಗೆ ಇಬ್ಬರೂ ಕಣ್ಣಿಗೆ ಟವೆಲು ಕಟ್ಟಿಕೊಂಡು ಬದುವಿನ ಮೇಲೆ ಕುಳಿತೆವು.

"ಮದುವಿ ದಿನಾನೂ ನನಗ ಇಷ್ಟು ಸುಮ್ಮನ ಕುಂದರಿಸಿರಲಿಲ್ಲ," ಎಂದರು ಯಜಮಾನರು. ನನಗೆ ನಗು ಬರಲಿಲ್ಲ.

ಕಾಲು ತಾಸಿನ ಮೇಲೆ ಟವೆಲು ಬಿಚ್ಚಿ ದೂರದರ್ಶಕದಲ್ಲಿ ನೋಡಿದೆ. ಸಾಲಿನಲ್ಲಿ ಮೂರು ಚುಕ್ಕೆ, ನಡುವಿನದು ನಕ್ಷೆಯಲ್ಲಿರಲಿಲ್ಲ. ಹಿಂಬೆಳಕು ಅದೇ; ಅಕ್ಕಪಕ್ಕದ ಎರಡರ ಬೆಳಕೆಷ್ಟೆಂದು ನಕ್ಷೆಯಲ್ಲಿತ್ತು, ಅವುಗಳಿಗೆ ಹೋಲಿಸಿ ಹೇಳಬೇಕು. ಬಲಗಡೆಯದರಷ್ಟೇ ಜೋರು ಎಂದು ಚೀಟಿಯಲ್ಲಿ ಗೀಚಿ ಕಿಸೆಗೆ ಹಾಕಿದೆ. ಅವರಿಗೆ ಏನೂ ಹೇಳಲಿಲ್ಲ, "ಮೂರರಾಗ ಯಾವುದು ಹೆಂಗ ಐತಿ ನೋಡ್ರಿ" ಎಂದೆ ಅಷ್ಟೆ.

ಪಾಕದ ಹದ ನೋಡಿದಂತೆಯೇ ಅವಸರವಿಲ್ಲದೆ ನೋಡಿದರು. ಮರದ ತುದಿ ಹತ್ತಿರ ಬರುತ್ತಿತ್ತು.

"ಎಡಕಿಂದು ಎಲ್ಲಾಕಿಂತ ಮಂದ. ನಡುವಿಂದು ಅದಕಿಂತ ಒಂದೀಟ ಜೋರು. ಬಲಕಿಂದರ ಸಮಾ ಬರಂಗಿಲ್ಲ."

ಮತ್ತೆ ಕಣ್ಣಿಟ್ಟೆ. ಈ ಸಲ ನನಗೇನು ಬೇಕಾಗಿತ್ತು ಎಂಬುದನ್ನು ಬಿಟ್ಟು ನೋಡಿದೆ. ಅವರು ಹೇಳಿದಂತೆಯೇ ಇತ್ತು. ಅಷ್ಟರಲ್ಲಿ ಎಲೆಗಳು ಮೂರನ್ನೂ ಮುಚ್ಚಿದವು.

ಊರೊಳಗಿನ ಎಸ್‌ಟಿಡಿ ಬೂತಿನಿಂದ ಗೆಳೆಯನಿಗೆ ಅವರ ಲೆಕ್ಕವನ್ನೇ ಓದಿದೆ. ನನ್ನದು ಹೇಗೆ ತಪ್ಪಿತ್ತೆಂಬುದನ್ನೂ ಹೇಳಿದೆ.

"ಎರಡನೇ ಕಣ್ಣು ಯಾರದು?"

"ಬೆಲ್ಲದ ಹದಾ ನೋಡೂ ಯಜಮಾನ್ರದು."

ಆ ಕಡೆ ಪೆನ್ನು ಓಡುವ ಸದ್ದಷ್ಟೇ ಕೇಳಿಸಿತು.

ಮುಂದಿನ ಸ್ಫೋಟಕ್ಕೂ ಫೋನು ಬಂತು. ನಾನು ಹೇಗಿದ್ದೇನೆಂದು ಅವನು ಕೇಳಲಿಲ್ಲ. "ಯಜಮಾನ್ರು ಊರಾಗ ಅದಾರೇನು?" ಎಂದ.