ಎರಡು ರೊಟ್ಟಿ, ಮೂರು ಮಂದಿ

ನಮ್ಮ ಕಡೆಯ ಶಾಲೆಗಳಲ್ಲಿ ಅರ್ಧ ಮಾತು ಮಾಸ್ತರರದು, ಇನ್ನರ್ಧ ಮಕ್ಕಳದು. ಮಾಸ್ತರರು “ಎಲೆ ಹಸಿರಾಗಿರಲು ಕಾರಣ ಪತ್ರ...” ಎಂದು ಎಳೆದು ನಿಲ್ಲಿಸಿದರೆ ಸಾಕು, ಮಕ್ಕಳು “ಹರಿತ್ತು!” ಎಂದು ಕೂಗಿ ಮುಗಿಸುತ್ತಾರೆ. ಪಾಠದ ಕೊನೆಗೆ “ಎಲ್ಲಾರಿಗೂ ತಿಳೀತಿಲ್ಲೋ?” ಎಂದು ಕೇಳುತ್ತಾರೆ. “ತಿಳೀತ್ರೀ!” ಎಂಬ ಉತ್ತರ ರಸ್ತೆಯಲ್ಲಿ ಹೋಗುವವರಿಗೂ ಕೇಳಿಸುತ್ತದೆ. ರಾಯಚೂರಿನಲ್ಲಿ ಇಷ್ಟು ವರ್ಷ ಗಣಿತ ಹೇಳಿಕೊಟ್ಟ ನನಗೆ ಆ ಕೂಗು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಬೇರೆ ಮಾತು.

ಈ ಸಿಟ್ಟು ನಮ್ಮಪ್ಪನಿಂದ ಬಂದದ್ದು. ಅವರು ಹನುಮಂತ ದೇವರ ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ಹುಡುಗರನ್ನು ಕೂರಿಸಿಕೊಂಡು ಮಂತ್ರ ಹೇಳಿಕೊಡುತ್ತಿದ್ದರು. ಅವರು ಒಮ್ಮೆ ಹೇಳಿದ್ದನ್ನು ಹುಡುಗರು ಎರಡು ಸಲ ಹೇಳಬೇಕು. ಅದಕ್ಕೆ ಸಂಥೆ ಎನ್ನುತ್ತಾರೆ. ಎಲ್ಲರ ದನಿ ಸೇರಿ ರಾಗವಾಗಿ ಸಾಗುತ್ತಿರುವಾಗ ಅಪ್ಪ ಥಟ್ಟನೆ ಕೈ ಎತ್ತಿ ನಿಲ್ಲಿಸಿ, ಒಬ್ಬನ ಕಡೆ ಬೆರಳು ಮಾಡುತ್ತಿದ್ದರು. ಮುಂದಿನದನ್ನು ಅವನೊಬ್ಬನೇ ಹೇಳಬೇಕು. ಒಂದು ದಿನ ಹಾಗೆ ಬೆರಳು ಮಾಡಿದಾಗ ಹುಡುಗ ಬಾಯಿ ಬಿಡಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾನು ತಡೆಯಲಾರದೆ ಅದನ್ನು ಹೇಳಿಬಿಟ್ಟೆ. ಅಪ್ಪ ಶಾಭಾಸ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ನನ್ನತ್ತ ತಿರುಗಿ, “ಯಾರಿಗೆ ಬರ್ತದ ಅಂತ ನಾ ಕೇಳಿಲ್ಲ. ಯಾರಿಗೆ ಬರಂಗಿಲ್ಲ ಅಂತ ನೋಡ್ಲಿಕ್ಕೆ ಬೆರಳು ಮಾಡಿದ್ದು” ಎಂದರು. ಅಂದು ಅತ್ತಿದ್ದೆ. ಮುಂದೆ ಇಲಾಖೆಯ ಎಷ್ಟು ತರಬೇತಿಗಳಿಗೆ ಹೋಗಿ ಬಂದರೂ ಅದಕ್ಕಿಂತ ಸ್ಪಷ್ಟವಾದ ಮಾತು ನನಗೆ ಸಿಗಲಿಲ್ಲ.

ಎಫ್.ಎ. ಎಂದು ನಾವು ಚುಟುಕಾಗಿ ಕರೆಯುವ ರೂಪಣಾತ್ಮಕ ಮೌಲ್ಯಮಾಪನ ಇರುವುದೂ ಅದಕ್ಕೇ. ಪಾಠ ಇನ್ನೂ ನಡೆಯುತ್ತಿರುವಾಗಲೇ ಯಾವ ಮಗು ಎಲ್ಲಿ ತೊಡರಿದೆ ಎಂದು ಕಂಡುಕೊಂಡು ಅಲ್ಲೇ ಕೈ ಹಿಡಿಯಬೇಕು. ಆದರೆ ಬರಬರುತ್ತಾ ಅದೂ ಒಂದು ಪುಟ್ಟ ಪರೀಕ್ಷೆಯಾಗಿ, ಅಂಕ ತುಂಬುವ ಕೆಲಸವಾಗಿಬಿಟ್ಟಿತ್ತು. ಎಲ್ಲರಿಗೂ ಒಳ್ಳೆಯ ಅಂಕ ಬಂದರೆ ಯಾರೂ ಏನೂ ಕೇಳುವುದಿಲ್ಲ. ಈ ಹೊತ್ತಿನಲ್ಲಿ ಐದನೆಯ ತರಗತಿಯ ಗಣಿತಕ್ಕೆ ಹೊಸ ಪ್ರಶ್ನೆಗಳನ್ನು ಮಾಡಿಕೊಡಿ ಎಂದು ಇಲಾಖೆಯವರು ರಾಯಚೂರು, ಮಾನ್ವಿ, ದೇವದುರ್ಗದಿಂದ ಒಬ್ಬೊಬ್ಬರನ್ನು ಆರಿಸಿ ನಮ್ಮದೊಂದು ತಂಡ ಮಾಡಿದರು.

ಮಾನ್ವಿಯಿಂದ ಬಂದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಹಿರಿಯ ಸರ್. ಹಿರೇಕೊಟ್ನೆಕಲ್ ಕಡೆಯಿಂದ ಮೋಟರ್ ಸೈಕಲ್ ಮೇಲೆ ಮಾನ್ವಿಗೆ ಬಂದು ಅಲ್ಲಿ ಬಸ್ಸು ಹಿಡಿಯುತ್ತಿದ್ದರು. ದೇವದುರ್ಗದ ಕಡೆ ಖಾಯಂ ಶಿಕ್ಷಕರು ಯಾರೂ ಒಪ್ಪದೆ, ಒಂದು ಹಳ್ಳಿ ಶಾಲೆಯ ಅತಿಥಿ ಶಿಕ್ಷಕಿಯನ್ನು ಕಳಿಸಿದ್ದರು. ಅವಳು ಕುರಿ ಕಾಯುವವರ ಮನೆಯ ಹುಡುಗಿ. ಅವರ ಮನೆತನದಲ್ಲಿ ಶಾಲೆ ಮುಗಿಸಿದವಳು ಅವಳೊಬ್ಬಳೇ. ಕೆಲಸ ಇದೆ ಎಂಬ ಒಂದೇ ಕಾರಣಕ್ಕೆ ಮನೆಯವರು ಅವಳ ಮದುವೆಯ ಮಾತನ್ನು ಮುಂದೂಡಿದ್ದರು. ಆದರೆ ಅತಿಥಿ ಶಿಕ್ಷಕರ ಕೆಲಸ ಬೇಸಿಗೆ ರಜೆಗೆ ಮುಗಿದುಹೋಗುತ್ತದೆ. ಜೂನ್‌ನಲ್ಲಿ ಮತ್ತೆ ಕರೆಯುವುದು, ಬಿಡುವುದು ಮುಖ್ಯಗುರುಗಳ ಮಾತಿನ ಮೇಲೆ ನಿಂತಿರುತ್ತದೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಮ್ಮ ಶಾಲೆಯ ಖೋಲಿಯಲ್ಲಿ ಸೇರುತ್ತಿದ್ದೆವು. ಸರ್ ಬರುವಾಗ ಪೊಟ್ಟಣದಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತರುತ್ತಿದ್ದರು. ಮೊದಲ ದಿನ ಅದರ ಜೊತೆ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನೂ ತಂದಿದ್ದರು.

“ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ. ಅಂಕಿ ಬದಲ್ ಮಾಡಿದ್ರ ಮುಗೀತ್ರೀ ಮೇಡಂ. ಚಾದ ಹೊತ್ತಿಗೆ ಕೆಲಸ ಖಲ್ಲಾಸ್.”

“ಹಾಡಿದ್ದೇ ಹಾಡ್ಲಿಕ್ಕೆ ನಮ್ಮನ್ನ ಯಾಕ ಕರೀಬೇಕಿತ್ರೀ ಸರ್?” ಎಂದು ನಾನು ರೇಗಿದೆ.

ಇಬ್ಬರ ಜಗಳದ ನಡುವೆ ಆ ಹುಡುಗಿ ಮೆಲ್ಲಗೆ ಬಾಯಿ ತೆರೆದಳು. “ಬಿಟ್ಟ ಸ್ಥಳ ನಮ್ಮ ಹುಡುಗ್ರು ಎಲ್ಲಾ ತುಂಬತಾರ್ರೀ ಅಕ್ಕೋರ. ಒಬ್ಬಾಕಿನ್ನ ನಿಂದ್ರಿಸಿ ಯಾಕ ಅಂತ ಕೇಳಿದ್ರ ಮಾತಾಡೂದಿಲ್ಲ. ತಪ್ಪು ಬರದ್ರೂ ಎಲ್ಲಿ ತಪ್ಪೀತು ಅಂತ ನಮಗ ಗೊತ್ತಾಗಂಥಾ ಪ್ರಶ್ನಿ ಮಾಡಾಕ ಬರ್ತದೇನ್ರೀ?”

ಸರ್ ಮಿರ್ಚಿ ಕೆಳಗಿಟ್ಟರು. ನಮ್ಮ ಕೆಲಸ ನಿಜವಾಗಿ ಶುರುವಾದದ್ದು ಅಲ್ಲಿಂದ. ತಪ್ಪು ಉತ್ತರವೂ ನಮ್ಮೊಡನೆ ಮಾತಾಡುವಂಥ ಪ್ರಶ್ನೆಗಳನ್ನು ಮಾಡಬೇಕು, ಅವಕ್ಕೆ ಅಂಕ ಇರಬಾರದು, ಕೂಗಿ ಹೇಳುವುದಂತೂ ಬೇಡವೇ ಬೇಡ ಎಂದು ತೀರ್ಮಾನಿಸಿದೆವು. ಪ್ರತಿ ಮಗುವೂ ಪಾಟಿಯ ಮೇಲೆ ಬಳಪದಿಂದ ತನ್ನ ಉತ್ತರ ಬರೆದು ಎದೆಗೆ ಕವುಚಿ ಹಿಡಿಯಬೇಕು, “ಎತ್ರಿ” ಎಂದಾಗ ಎಲ್ಲರೂ ಒಟ್ಟಿಗೆ ಎತ್ತಬೇಕು.

ಒಂದು ಪ್ರಶ್ನೆಯ ಮೇಲಂತೂ ನಮಗೆ ವಿಪರೀತ ಹೆಮ್ಮೆಯಿತ್ತು. ಎರಡು ರೊಟ್ಟಿಯನ್ನು ಮೂರು ಮಂದಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು? ಸರಿ ಉತ್ತರ ಮೂರನೇ ಎರಡು. ಒಂದೂವರೆ ಎಂದು ಬರೆದ ಮಗು ಎರಡನ್ನು ಮೂರರಿಂದ ಭಾಗಿಸುವ ಬದಲು ಮೂರನ್ನು ಎರಡರಿಂದ ಭಾಗಿಸಿದೆ. ಅರ್ಧ ಎಂದು ಬರೆದದ್ದು ರೊಟ್ಟಿಗಳನ್ನು ಅರ್ಧರ್ಧ ಮಾಡಿ ಹಂಚಿ, ಉಳಿದ ಅರ್ಧವನ್ನು ಕೈಬಿಟ್ಟಿದೆ. ಮೂರನೇ ಒಂದು ಎಂದು ಬರೆದದ್ದು ಒಂದೇ ರೊಟ್ಟಿಯ ಲೆಕ್ಕ ಮಾಡಿದೆ. ಎಲ್ಲ ತಪ್ಪುಗಳನ್ನೂ ನಾವು ಮೊದಲೇ ಹಿಡಿದಿಟ್ಟಿದ್ದೇವೆ ಎಂದು ಬೀಗಿದೆವು. “ತಪ್ಪಿಸಿಕೊಂಡು ಎಲ್ಲಿ ಹೋಗ್ತಾವ?” ಎಂದು ಸರ್ ನಕ್ಕರು. ಮೊದಲು ತನ್ನ ತರಗತಿಯಲ್ಲಿ ಕೇಳಿ ನೋಡುತ್ತೇನೆ ಎಂದು ಹುಡುಗಿ ಅದನ್ನು ಒಯ್ದಳು.

ಮುಂದಿನ ವಾರ ಅವಳ ಫೋನ್ ಬಂತು.

“ಅಕ್ಕೋರ, ಎಲ್ಲಾರೂ ಒಂದು ಅಂತ ಬರದಾರ್ರೀ. ಹೆಚ್ಚುಕಡಿಮಿ ಎಲ್ಲಾ ಪಾಟಿ ಮ್ಯಾಲ ಒಂದು. ಯಾಕ ಅಂತ ಕೇಳಬೇಕು ಅನ್ನೂದ್ರಾಗ ಹೆಡ್ ಮಾಸ್ತರ್ರು ಬಾಗಿಲದಾಗ ನಿಂತಿದ್ರು. ಎರಡು ರೊಟ್ಟಿ ಹಂಚಾಕ ಬರದಂಗ ಕಲಿಸೀರೇನ್ರೀ, ಜೂನಿಗೆ ಬ್ಯಾರೇದವ್ರನ್ನ ನೋಡ್ತೀನಿ ಅಂದ್ರು.” ಕೊನೆಗೆ “ನಾ ಇನ್ನ ಬರೂದಿಲ್ರೀ. ಹಳೀ ಪ್ರಶ್ನಿನ ಕೇಳಿ ಅಂಕ ತುಂಬತೀನಿ” ಎಂದಳು.

ಆ ರಾತ್ರಿ ನನಗೆ ಅದೇ ಯೋಚನೆ. ಅವಳ ಕೆಲಸ ಹೋಗುವ ಹೆದರಿಕೆ ಒಂದು ಕಡೆ. ನಾವು ಹಿಡಿದಿಟ್ಟ ತಪ್ಪುಗಳಲ್ಲಿ ಈ ‘ಒಂದು’ ಇರಲೇ ಇಲ್ಲವಲ್ಲ ಎಂಬ ಕಸಿವಿಸಿ ಇನ್ನೊಂದು ಕಡೆ. ಆ ಮಕ್ಕಳ ತಲೆಯಲ್ಲಿ ಏನಿತ್ತು ಎಂದು ತಿಳಿಯದೆ ಬಿಡಲಾರೆ ಎನ್ನಿಸಿತು. ಸರ್‌ಗೆ ಫೋನ್ ಮಾಡಿ ದೇವದುರ್ಗಕ್ಕೆ ಹೋಗೋಣ ಎಂದೆ.

“ಮೇಡಂ, ನಿಮ್ಮ ಹಟಕ್ಕ ಆ ಹುಡುಗಿ ಕೆಲಸ ಹೋಗ್ತದ. ನಮ್ಮದು ಖಾಯಂ ನೌಕರಿ, ಆಕಿದಲ್ಲ.”

“ಅದಕ್ಕೇ ಹೋಗೋಣ ಅನ್ಲಿಕ್ಕತ್ತೀನಿ. ಪ್ರಶ್ನೆ ಮೂರೂ ಮಂದಿ ಮಾಡಿದ್ದು. ಬೈಸಿಕೊಳ್ಳೋದು ಆಕಿ ಒಬ್ಬಾಕೀನ?”

“ಆತ್ರೀ, ಬರ್ತೀನಿ” ಎಂದರು. ಮರುದಿನ ನಾನು ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಅವರು ಮಾನ್ವಿಯ ಕಡೆಯಿಂದ ಬಂದು, ಹಳ್ಳಿಗೆ ಹೋಗುವ ಆಟೋ ಗೊತ್ತುಮಾಡಿ ನಿಂತಿದ್ದರು. ಹತ್ತಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತಾ ಶಾಲೆ ಮುಟ್ಟಿದೆವು.

ಮುಖ್ಯಗುರುಗಳು ಒರಟರಲ್ಲ. “ಬರ್ರಿ ಬರ್ರಿ, ಮೊದಲ ಚಾ ಕುಡೀರಿ” ಎಂದು ಕುರ್ಚಿ ಎಳೆದು ಕೊಟ್ಟರು. ಅವರ ತಾಪತ್ರಯವೂ ಸುಳ್ಳಲ್ಲ. ಅಂಕ ಕಡಿಮೆಯಾದರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು ಅವರೇ. ಚಹಾ ಮುಗಿದ ಮೇಲೆ ನಮ್ಮನ್ನು ಐದನೆಯ ತರಗತಿಗೆ ಕರೆದೊಯ್ದರು. ಹುಡುಗಿ ಕರಿಹಲಗೆಯ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತಳು.

“ಎರಡು ರೊಟ್ಟಿ ಮೂರು ಮಂದಿಗೆ ಹಂಚಿದ್ರ ಒಬ್ಬೊಬ್ಬರಿಗೆ ಮೂರನೇ...?” ಎಂದು ಮುಖ್ಯಗುರುಗಳು ಎಳೆದು ನಿಲ್ಲಿಸಿದರು.

“ಎರಡೂ!”

“ಮತ್ತೊಮ್ಮಿ. ಮೂರನೇ...?”

“ಎರಡೂ!” ಎಂದು ಹಂಚಿನ ಮೇಲಿನ ಪಾರಿವಾಳ ಹಾರುವಂತೆ ಕೂಗಿದರು.

“ನೋಡ್ರಿ ಮೇಡಂ, ಮುಂಜಾನೆ ಒಂದ ತಾಸು ಕುಂತು ಹೇಳೀನಿ, ಬಂತು” ಎಂದು ಮುಖ್ಯಗುರುಗಳು ನನ್ನತ್ತ ತಿರುಗಿದರು. ನನ್ನ ಬಾಯಿಯಿಂದ ಏನು ಹೊರಡುತ್ತಿತ್ತೋ, ಸರ್ ಜೋರಾಗಿ ಕೆಮ್ಮಿದರು. ಆ ಕೆಮ್ಮಿನ ಅರ್ಥ ನನಗೆ ಗೊತ್ತು. ಹಲ್ಲು ಕಚ್ಚಿಕೊಂಡೆ.

“ಸರ್, ನಾ ಒಂದು ಕೇಳ್ಲೇನ್ರೀ?” ಎಂದು ಹುಡುಗಿ ಮುಖ್ಯಗುರುಗಳನ್ನು ಕೇಳಿದಳು. ಗೋಡೆ ಬಿಟ್ಟು ಮುಂದೆ ಬಂದಳು. ಕೊನೆಯ ಸಾಲಿನ ಒಂದು ಹೆಣ್ಣುಮಗುವನ್ನು ಎಬ್ಬಿಸಿ, “ಮೊನ್ನಿ ಪಾಟಿ ಮ್ಯಾಲ ಒಂದು ಅಂತ ಬರದಿದ್ದೆಲ್ಲ, ಯಾಕ ಬೇ? ಬೈಯೂದಿಲ್ಲ, ಹೇಳು” ಎಂದಳು.

ಮಗು ಮುಖ್ಯಗುರುಗಳನ್ನು ನೋಡಿತು, ನಮ್ಮನ್ನು ನೋಡಿತು, ಆಮೇಲೆ ಹೇಳಿತು. “ರೊಟ್ಟಿ ಎರಡ ಅದಾವ, ಮಂದಿ ಮೂರು ಬಂದಾರ. ಅವ್ವ ಇನ್ನೊಂದು ಬಡೀತಾಳ್ರೀ.”

“ಬಂದವ್ರಿಗೆ ಹರದ ರೊಟ್ಟಿ ಕೊಡ್ತಾರೇನ್ರೀ?” ಎಂದು ಪಕ್ಕದ ಹುಡುಗ ಕೂತಲ್ಲಿಂದಲೇ ದನಿಗೂಡಿಸಿದ. ಉಳಿದವರೆಲ್ಲ ತಲೆ ಆಡಿಸಿದರು.

ಸರ್ ಹಣೆ ಹಣೆ ಬಡಿದುಕೊಂಡು ನಕ್ಕರು. ನನಗೆ ನಗು, ನಾಚಿಕೆ ಎರಡೂ ಬಂದವು. ನಾವು ಮೂವರೂ ಜೋಳದ ರೊಟ್ಟಿ ತಿಂದು ಬೆಳೆದವರೇ. ನಮ್ಮ ಯಾವ ಮನೆಯಲ್ಲೂ ರೊಟ್ಟಿ ಎಣಿಸಿ ಹರಿದು ಹಂಚುವುದನ್ನು ಕಂಡಿಲ್ಲ. ಕಡಿಮೆ ಬಿದ್ದರೆ ಹಿಟ್ಟು ನಾದಿ ಇನ್ನೊಂದು ಬಡಿಯುತ್ತಾರೆ. ಪ್ರಶ್ನೆ ಬರೆಯಲು ಕೂತಾಗ ಮಾತ್ರ ಅದು ಮೂವರಿಗೂ ಮರೆತುಹೋಗಿತ್ತು. ಮಕ್ಕಳು ತಪ್ಪಿರಲಿಲ್ಲ, ನಮ್ಮ ಪ್ರಶ್ನೆಯೇ ತಪ್ಪಿತ್ತು.

ಮುಖ್ಯಗುರುಗಳ ಮೀಸೆಯಲ್ಲೂ ನಗು ಸುಳಿಯಿತು. ಆದರೆ ಅವರು ಬಿಡಲಿಲ್ಲ. “ಅದೆಲ್ಲಾ ಖರೇ ಅದ್ರಿ. ಲೆಕ್ಕ ಬರ್ತದೋ ಇಲ್ಲೋ?”

ಹುಡುಗಿ ನಮ್ಮ ಕಡೆ ನೋಡಲೂ ಇಲ್ಲ. ಪ್ರಶ್ನೆಯನ್ನು ಅಲ್ಲೇ ತಿರುಗಿಸಿದಳು. “ಹಿಟ್ಟು ತೀರೇದ, ಒಲಿ ಆರೇದ. ಹೊರಗಿನವ್ರು ಯಾರೂ ಬಂದಿಲ್ಲ. ಅಕ್ಕ, ತಮ್ಮ, ತಂಗಿ, ಮೂವರ ಇದ್ದೀರಿ. ರೊಟ್ಟಿ ಎರಡ ಅದಾವ. ಜಗಳ ಆಗಬಾರದು. ಒಬ್ಬೊಬ್ಬರಿಗೆ ಎಷ್ಟು? ಚಿತ್ರಾ ತಗದು ಬರೀರಿ. ಯಾರದೂ ಯಾರೂ ನೋಡಬ್ಯಾಡ್ರಿ.”

ಬಳಪದ ಕಿರ್ ಕಿರ್ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ “ಎತ್ರಿ” ಎಂದಳು.

ಈಗಷ್ಟೇ ಒಂದೇ ಉಸಿರಿಗೆ ಮೂರನೇ ಎರಡು ಎಂದು ಕೂಗಿದ್ದ ಮಕ್ಕಳು. ಪಾಟಿಗಳ ಮೇಲೆ ಮಾತ್ರ ಒಂದೊಂದು ಕಡೆ ಒಂದೊಂದು ಉತ್ತರ. ಹುಡುಗಿ ಸಾಲುಗಳ ನಡುವೆ ನಡೆಯುತ್ತಾ ಮುಖ್ಯಗುರುಗಳಿಗೆ ತೋರಿಸತೊಡಗಿದಳು. “ಇವ್ರು ಎರಡೂ ರೊಟ್ಟಿ ಮೂರ್ ಮೂರು ತುಂಡು ಮಾಡ್ಯಾರ್ರೀ. ಇವ್ರಿಗೆ ತಿಳದದ. ಇವ್ರು ಅರ್ಧರ್ಧ ಕೊಟ್ಟಾರ, ಉಳದ ಅರ್ಧ ಏನ್ ಮಾಡಬೇಕು ಅಂತ ಗೊತ್ತಾಗಿಲ್ಲ. ನಾಳಿ ನಾ ಅಲ್ಲಿಂದ ಶುರು ಮಾಡಬೇಕು. ಇವ್ರು ಒಂದೂವರಿ ಬರದಾರ. ಇದ್ದದ್ದು ಎರಡ, ಮೂವರಿಗೂ ಒಂದೂವರಿ ಎಲ್ಲಿಂದ ತರ್ತೀರಿ ಅಂತ ಇವ್ರನ್ನ ಕೇಳಬೇಕ್ರೀ.”

ಮುಖ್ಯಗುರುಗಳು ಒಂದೊಂದೇ ಪಾಟಿಯನ್ನು ಬಾಗಿ ನೋಡಿದರು. ಅವರ ಮುಖ ಗಂಭೀರವಾಗಿತ್ತು. ಆಮೇಲೆ ಹೋಗಿ ಸುಣ್ಣದಕಡ್ಡಿ ಎತ್ತಿಕೊಂಡು, ಹಲಗೆಯ ಮೇಲೆ ಎರಡು ಗುಂಡನೆಯ ರೊಟ್ಟಿ ಬರೆದು, ಗೆರೆ ಎಳೆದು, ತಾವೇ ವಿವರಿಸಿದರು. ಚೆನ್ನಾಗಿಯೇ ವಿವರಿಸಿದರು, ಸುಳ್ಳೇಕೆ ಹೇಳಲಿ. ಕೊನೆಗೆ ಇಷ್ಟು ವರ್ಷದ ರೂಢಿ ಬಾಯಿಗೆ ಬಂತು.

“ಎಲ್ಲಾರಿಗೂ ತಿಳೀತಿಲ್ಲೋ?”

“ತಿಳೀತ್ರೀ!”

ಕೂಗು ಅಡಗಿದ ಮೇಲೆ ಕೊನೆಯ ಸಾಲಿನಿಂದ ಸಣ್ಣ ದನಿಯೊಂದು ಬಂತು. ಅವ್ವ ಇನ್ನೊಂದು ರೊಟ್ಟಿ ಬಡಿಯುತ್ತಾಳೆ ಎಂದಿದ್ದ ಅದೇ ಮಗು ಪಾಟಿ ಎತ್ತಿ ಹಿಡಿದು ನಿಂತಿತ್ತು.

“ನನಗ ತಿಳೀಲಿಲ್ರೀ ಸರ್.”

ಅಪ್ಪ ಬೆರಳು ಮಾಡಿ ಹುಡುಕುತ್ತಿದ್ದ ಮಗು ಇಲ್ಲಿ ತಾನಾಗಿಯೇ ಎದ್ದು ನಿಂತಿತ್ತು. ಆದರೆ ಇಷ್ಟು ಜನರ ಎದುರು ಆಡಿದ ಆ ಮಾತಿಗೆ ಬೆಲೆ ತೆರಬೇಕಾದವಳು ಹುಡುಗಿ. ಅವಳು ಕಣ್ಣು ಕೆಳಗೆ ಹಾಕಲಿಲ್ಲ. ಮುಖ್ಯಗುರುಗಳು ಸುಣ್ಣದಕಡ್ಡಿಯನ್ನು ಬೆರಳಲ್ಲಿ ಹೊರಳಿಸುತ್ತಾ ಬಹಳ ಹೊತ್ತು ಆ ಮಗುವನ್ನೇ ನೋಡಿದರು. ಆಮೇಲೆ ಅದನ್ನು ತಂದು ಹುಡುಗಿಯ ಕೈಗಿಟ್ಟರು.

“ತಿಳೀಲಿಲ್ಲ ಅನ್ನಾಕ ಕಲಿಸೀರಿ. ತಿಳಿಸೂ ಕೆಲಸಾನೂ ಇನ್ನ ನಿಮ್ಮದ. ಜೂನಿಗೆ ನೀವ ಬರ್ರಿ.”

ಅಷ್ಟು ಹೇಳಿ ಹೊರಗೆ ನಡೆದರು. ಸರ್ ಅವರ ಹಿಂದೆ ಹೋದರು. ನಾನು ಬಾಗಿಲಲ್ಲಿ ನಿಂತು ಹುಡುಗಿಯನ್ನು ಹೊರಗೆ ಕರೆದೆ. ನನ್ನ ಕಣ್ಣು ತುಂಬಿದ್ದವು, ಅವಳ ಕೈ ಹಿಡಿದುಕೊಳ್ಳಬೇಕು ಎನ್ನಿಸಿತ್ತು.

“ಹೆಡ್ ಮಾಸ್ತರ್ರು ಹೇಳಿದ್ದು ಕೇಳಿಸ್ತೇನ ಬೇ?”

“ಕೇಳಿಸ್ತ್ರೀ ಅಕ್ಕೋರ. ಒಂದೀಟು ತಡೀರಿ” ಎಂದಳು. “ಆಕಿಗೆ ಇನ್ನೂ ತಿಳದಿಲ್ಲ.”

ಅವಳು ಹೋಗಿ ಕೊನೆಯ ಸಾಲಿನಲ್ಲಿ, ಆ ಮಗುವಿನ ಪಕ್ಕ ನೆಲದ ಮೇಲೆ ಕೂತಳು.