ಭಾವನ ನಕ್ಷತ್ರಕ್ಕೆ ಆಗಿಬರದ ಲಾರಿ

ನನ್ನ ಭಾವ ನಾಗರಾಜು ಅವರ ಜಾತಕದಲ್ಲಿ ವಾಹನ ಯೋಗ ಇಲ್ಲವಂತೆ. ಜೋಯಿಸರು ಈ ಮಾತು ಹೇಳುವ ಹೊತ್ತಿಗೆ ಭಾವ ಕಂಡವರ ಲಾರಿ ಓಡಿಸುತ್ತಾ ಅರ್ಧ ಆಯಸ್ಸು ಕಳೆದಿದ್ದರು. ಮಾದಾಪುರದ ಎಸ್ಟೇಟುಗಳ ಕಡಿದಾದ ತಿರುವಿನಲ್ಲಿ ಲೋಡ್ ಗಾಡಿಯನ್ನು ಒಂದೇ ಸಲಕ್ಕೆ ತಿರುಗಿಸುವ ಮನುಷ್ಯ. ಆದರೂ ಸ್ವಂತಕ್ಕೊಂದು ಹಳೇ ಹತ್ತು ಚಕ್ರದ ಲಾರಿ ಕೊಳ್ಳಲು ಹೊರಟಾಗ ಅವರ ತಾಯಿ ಕಾಳಮ್ಮ ಜಾತಕ ಹಿಡಿದುಕೊಂಡು ಜೋಯಿಸರ ಹತ್ತಿರ ಹೋಗಿ ಬಂದರು. ಗಾಡಿ ಮಗನ ಹೆಸರಿನಲ್ಲಿದ್ದರೆ ಗಂಡಾಂತರ, ಸೊಸೆಯ ನಕ್ಷತ್ರಕ್ಕೆ ಚೆನ್ನಾಗಿ ಆಗಿಬರುತ್ತದೆ ಎಂದಾಯಿತು. ಹಾಗಾಗಿ ಆರ್‌ಸಿ ಬುಕ್ಕಿನಲ್ಲಿ ನನ್ನ ಅಕ್ಕ ಉಷಾರಾಣಿಯ ಹೆಸರು ಬಂತು. ದಿನವಿಡೀ ಸ್ಟೀರಿಂಗ್ ಹಿಡಿದು ಕೂರುವವನು ಗ್ರಹಗಳ ಕಣ್ಣಿಗೆ ಬೀಳುವುದಿಲ್ಲವೇ, ಅವೇನು ಆರ್‌ಸಿ ಬುಕ್ ಮಾತ್ರ ಓದುತ್ತವೆಯೇ ಎಂದು ನಾನು ಕೇಳಿದೆ. ಬಾಯಿ ಮುಚ್ಚಿಕೊಂಡು ಟೈರ್ ಕೆಲಸ ನೋಡಿಕೊ ಎಂದು ಎಲ್ಲರೂ ನನಗೇ ಬೈದರು.

ನಾನು ಧರ್ಮೇಶ್, ಕುಶಾಲನಗರದಲ್ಲಿ ಟೈರ್ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ನಾಲಗೆ ಸ್ವಲ್ಪ ಉದ್ದ, ಅದು ಊರಿಗೆಲ್ಲ ಗೊತ್ತು.

ಅಕ್ಕ ಓನರ್ ಆದದ್ದು ಬೈಸಿಕೊಳ್ಳುವುದಕ್ಕೆ ಮಾತ್ರ. ಒಂದು ಸಲ ಸಾಲದ ಕಂತು ತಡವಾದಾಗ ಫೈನಾನ್ಸಿನವರು ಆರ್‌ಸಿಯಲ್ಲಿದ್ದ ಹೆಸರು ಹುಡುಕಿಕೊಂಡು ಅವಳು ಕೆಲಸ ಮಾಡುವ ಶುಂಠಿ ತೊಳೆಯುವ ಕಣಕ್ಕೇ ಬಂದರು. ಮೊಣಕೈವರೆಗೆ ಕೆಸರು ಮೆತ್ತಿಕೊಂಡು ನಿಂತಿದ್ದವಳಿಗೆ, ಲಾರಿ ಇಟ್ಟುಕೊಳ್ಳುವ ಯೋಗ್ಯತೆ ಇಲ್ಲದಿದ್ದರೆ ಯಾಕಮ್ಮ ತಗೊಂಡೆ ಎಂದು ಎಲ್ಲರೆದುರು ಕೂಗಾಡಿದರು. ಅದೇ ಹೊತ್ತಿಗೆ ಭಾವ, ತಮಗೆ ಲೋಡ್ ಕೊಡುವ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಆಫೀಸಿನ ಮುಂದೆ ‘ಓನರ್ ನಾಗರಾಜಣ್ಣ’ ಎನ್ನಿಸಿಕೊಂಡು ಟೀ ಕುಡಿಯುತ್ತಿದ್ದರು. ಅವರು ಕೆಟ್ಟವರಲ್ಲ. ಕುಡಿತವಿಲ್ಲ, ಜೂಜಿಲ್ಲ, ದುಡಿದದ್ದೆಲ್ಲ ಮನೆಗೆ. ಆ ‘ಓನರ್’ ಎಂಬ ಒಂದು ಮಾತು ಮಾತ್ರ ಅವರಿಗೆ ಅನ್ನಕ್ಕಿಂತ ಹೆಚ್ಚು.

ಅದಕ್ಕೆ ಕಾರಣವೂ ಇತ್ತು. ಸಂಬಳದ ಡ್ರೈವರ್‌ಗೆ ದಿನಾ ಬೆಳಿಗ್ಗೆ ಓನರ್ ಬಾಟಾ ಕೊಡುತ್ತಾನೆ, ಅಂದರೆ ದಾರಿಯ ಊಟ, ಟೀ ಖರ್ಚಿನ ದುಡ್ಡು. ಅದಕ್ಕಾಗಿ ಇನ್ನೊಬ್ಬರ ಜಗಲಿಯ ಕೆಳಗೆ ಕೈಚಾಚಿ ನಿಂತದ್ದನ್ನು ನೆನೆಸಿಕೊಂಡರೆ ಭಾವನಿಗೆ ಇವತ್ತಿಗೂ ಮೈ ಉರಿಯುತ್ತದೆ.

ಈ ವರ್ಷ ಮತ್ತೆ ಅಲ್ಲಿಗೇ ಹೋಗಿ ನಿಲ್ಲುವ ಕಾಲ ಬಂತು. ಮಳೆಗಾಲ ಹಿಡಿದು ಬಾಡಿಗೆ ನಿಂತಿತ್ತು. ಮುಂದಿನ ಎರಡೂ ಟೈರ್‌ಗಳು ಬಟನ್ ಪೂರ್ತಿ ಸವೆದು ಬೋಳಾಗಿದ್ದವು. ಆಗಸ್ಟ್ ಕೊನೆಗೆ ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್, ಮುಗಿಯುತ್ತಿತ್ತು, ಆ ಟೈರ್ ನೋಡಿದರೆ ಯಾವ ಇನ್ಸ್‌ಪೆಕ್ಟರೂ ಗಾಡಿ ಪಾಸ್ ಮಾಡುವುದಿಲ್ಲ. ನನ್ನ ಅಂಗಡಿಯಿಂದ ಸಾಲಕ್ಕೆ ತಗೊಳ್ಳಿ ಎಂದೆ. ಹಿಂದಿನ ಬಾಕಿಯೇ ತೀರಿಲ್ಲ, ಹೆಂಡತಿಯ ತಮ್ಮನ ದಯೆಯ ಮೇಲೆ ಗಾಡಿ ಓಡಿಸುವುದಿಲ್ಲ ಎಂದರು. ಬ್ರೋಕರ್ ಒಬ್ಬ ಆಗಲೇ ಗಾಡಿಯ ಸುತ್ತ ಎರಡು ಸುತ್ತು ಹಾಕಿ ಹೋಗಿದ್ದ. ಮಾರಿದರೆ ಈ ವಯಸ್ಸಿನಲ್ಲಿ ಭಾವ ಪುನಃ ಬಾಟಾಕ್ಕೆ ಕೈಚಾಚಬೇಕು.

ದಾರಿ ತೋರಿಸಿದವಳು ಅಕ್ಕ. ಕ್ಯೂರಿಂಗ್‌ನವರು ಪ್ರತಿ ಬಾಡಿಗೆಯಲ್ಲೂ ಸ್ವಲ್ಪ ತೆರಿಗೆ ಅಂತ ಹಿಡಿಯುತ್ತಾರಲ್ಲ, ಅದು ವಾಪಸ್ ಬರುತ್ತದೆ ಎಂದು ಶುಂಠಿ ಕಣದಲ್ಲಿ ಯಾರೋ ಹೇಳಿದ್ದರು. ಭಾವನನ್ನು ಎಳೆದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಟ್ಯಾಕ್ಸ್ ಕೆಲಸ ಮಾಡುವ ರಶ್ಮಿತಾ ಅವರ ಆಫೀಸಿಗೆ ಹೋದಳು. ರಶ್ಮಿತಾ ಕಂಪ್ಯೂಟರ್ ನೋಡಿ, ಹೋದ ವರ್ಷ ನಾಗರಾಜಣ್ಣನ ಪ್ಯಾನ್ ಮೇಲೆ ಹಿಡಿದ ತೆರಿಗೆ ಎರಡು ಟೈರ್‌ಗೆ ಆಗುವಷ್ಟಿದೆ ಎಂದರು. ಖರ್ಚೆಲ್ಲ ಕಳೆದರೆ ಉಳಿಯುವ ಆದಾಯಕ್ಕೆ ತೆರಿಗೆ ಬರಲಿಕ್ಕಿಲ್ಲ, ಡೀಸೆಲ್, ಟೋಲ್, ಹಮಾಲಿ, ರಿಪೇರಿ ಬಿಲ್ಲುಗಳನ್ನು ತನ್ನಿ ಎಂದರು.

ಬಿಲ್ಲಂತೆ! ಭಾವ ಬಂಕಿನಲ್ಲಿ ಪ್ರತಿ ಸಲ ತಮ್ಮ ಬಿಲ್ಲನ್ನು, ಆಫೀಸಿಗೆ ತೋರಿಸಬೇಕು ಕೊಡಿ ಎಂದು ಕೇಳುವ ಯಾವುದೋ ಕಾರಿನವನಿಗೆ ಧಾರಾಳವಾಗಿ ಕೊಟ್ಟುಬಿಡುತ್ತಿದ್ದರು. ಉಳಿದವುಗಳಲ್ಲಿ ಗ್ರೀಸ್ ಕೈ ಒರೆಸಿ ಎಸೆದಿದ್ದರು. ಒಂದು ವಾರ ಊರೆಲ್ಲ ಅಲೆದರು. ಲೋಡ್ ಮಾಡುವ ಹಮಾಲಿಗಳು ಬಿಲ್ ಎಂದ ಕೂಡಲೇ ಬಿದ್ದು ಬಿದ್ದು ನಕ್ಕರು. ಅಮಾವಾಸ್ಯೆಗೆ ಚಕ್ರದ ಕೆಳಗೆ ಇಡುವ ನಿಂಬೆಹಣ್ಣಿಗೂ ಬಿಲ್ ಬೇಕಾ ಕೇಳಿ ಭಾವ ಎಂದು ನಾನೂ ಕೆಣಕಿದೆ. ಕೊನೆಗೆ ಅವರ ಕೈಯಲ್ಲಿ ಉಳಿದದ್ದು ನನ್ನ ಅಂಗಡಿಯ ಹಳೇ ಬಿಲ್ಲುಗಳು ಮಾತ್ರ. ಅವನ್ನು ನಾನು ಮೊದಲಿನಿಂದಲೂ ಹಟಕ್ಕೆ ಬಿದ್ದು ಅಕ್ಕನ ಹೆಸರಿಗೇ ಬರೆಯುತ್ತಿದ್ದೆ.

ರಶ್ಮಿತಾ ಆ ಹೆಸರು ನೋಡಿ ಆರ್‌ಸಿ ಕೇಳಿದರು. ನೋಡಿ ತಲೆ ಚಚ್ಚಿಕೊಂಡರು. ಒಂದೆರಡು ಲಾರಿ ಇರುವ ಓನರ್‌ಗೆ ಕಾನೂನು ಖರ್ಚಿನ ಬಿಲ್ಲನ್ನೇ ಕೇಳುವುದಿಲ್ಲ, ಗಾಡಿಯ ತೂಕದ ಮೇಲೆ ಆದಾಯ ಇಷ್ಟು ಎಂದು ಲೆಕ್ಕ ಹಿಡಿಯುತ್ತದೆ, ಖರ್ಚು ಅದರಲ್ಲೇ ಬಂತು ಎಂದು ವಿವರಿಸಿದರು. ಉಷಕ್ಕನ ಹೆಸರಿನಲ್ಲಿ ಕೇಳಿದರೆ ಪೂರ್ತಿ ಹಣ ವಾಪಸ್. ಅಷ್ಟೇ ಅಲ್ಲ, ಗಾಡಿ ತನ್ನದೆಂದು ಓನರ್ ಒಂದು ಪತ್ರ ಕೊಟ್ಟಿದ್ದರೆ ಕ್ಯೂರಿಂಗ್‌ನವರು ತೆರಿಗೆ ಹಿಡಿಯುತ್ತಲೇ ಇರಲಿಲ್ಲ.

“ಅವ್ರು ಪತ್ರ ಕೇಳಿರ್ಬೇಕಲ್ಲ ಅಣ್ಣ?” ಎಂದರು ರಶ್ಮಿತಾ.

ಭಾವ ನೆಲ ನೋಡಿದರು. ಕೇಳಿದ್ದರಂತೆ. ಹೆಂಡತಿಯ ಹೆಸರು ಹೇಳಬೇಕಾಗುತ್ತದೆಂದು ಇವರೇ, ಪರವಾಗಿಲ್ಲ ಹಿಡಿದುಕೊಳ್ಳಿ ಎಂದಿದ್ದರಂತೆ. ವರ್ಷಗಟ್ಟಲೆ! ನನಗೆ ರಕ್ತ ಕುದಿಯಿತು. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದು ಹೊರಟಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅದಕ್ಕೂ ಹಿಂದಿನ ವರ್ಷಗಳದ್ದು ಕೈಬಿಟ್ಟುಹೋದ ಹಾಗೆಯೇ, ಹೋದ ವರ್ಷದ್ದನ್ನು ಉಳಿಸಿಕೊಳ್ಳಬಹುದು ಎಂದರು ರಶ್ಮಿತಾ. ಅದಕ್ಕೆ ಭಾವ ಕ್ಯೂರಿಂಗ್ ಆಫೀಸಿಗೆ ಹೋಗಿ, ಈ ಬಾಡಿಗೆ ಹಣ ನನ್ನದಲ್ಲ, ಲಾರಿಯ ಓನರ್ ಉಷಾರಾಣಿಯವರದ್ದು ಎಂದು ಬರೆದು ಸಹಿ ಮಾಡಬೇಕು. ಆಗ ಅವರು ಹಿಡಿದ ತೆರಿಗೆಯನ್ನು ಅಕ್ಕನ ಹೆಸರಿಗೆ ತಿದ್ದಿ ಕಳಿಸುತ್ತಾರೆ. ಭಾವ ಆಗಲ್ಲ ಎಂದರು. ಗಾಡಿ ಮಾರುತ್ತೇನೆ ಎಂದು ಬ್ರೋಕರ್‌ಗೆ ಫೋನನ್ನೂ ಮಾಡಿದರು. ಅವನು ಬರುತ್ತೇನೆಂದ ದಿನ ಬೆಳಿಗ್ಗೆ ಬೋಳು ಟೈರ್‌ಗೆ ಒರಗಿ ಬಹಳ ಹೊತ್ತು ಕೂತಿದ್ದರು. ಆಮೇಲೆ ಎದ್ದು ನನ್ನ ಹತ್ತಿರ ಬಂದು, ಬೈಕ್ ತೆಗಿ ಎಂದರು. ಶುಂಠಿ ಕಣಕ್ಕೆ ಹೋಗಿ ಅಕ್ಕನನ್ನು ಕರೆದರು. ಅವಳು ಕೈ ತೊಳೆದುಕೊಂಡು ಆಟೋ ಹತ್ತಿದಳು.

ಕ್ಯೂರಿಂಗ್ ಆಫೀಸಿನಲ್ಲಿ ನಾಲ್ಕೈದು ಡ್ರೈವರ್‌ಗಳು ಚೀಟಿಗಾಗಿ ಕಾಯುತ್ತಿದ್ದರು, ಎಲ್ಲ ಪರಿಚಯದವರೇ. ಕ್ಯಾಶಿಯರ್ ಕಾಗದ ಓದಿ, ಹಾಗಾದರೆ ಈ ಗಾಡಿಯ ಓನರ್ ಯಾರು ಎಂದು ಕೇಳಿದರು. ಭಾವ ಆ ಡ್ರೈವರ್‌ಗಳ ಕಡೆ ಒಮ್ಮೆ ನೋಡಿದರು. ಅಕ್ಕ ಬಾಗಿಲ ಹತ್ತಿರವೇ ನಿಂತಿದ್ದಳು.

“ಇವ್ಳು ಸಾರ್, ನನ್ ಹೆಂಡ್ತಿ,” ಎಂದರು ಭಾವ. “ಕಂತಿನವ್ರ ಹತ್ರ ಬೈಸ್ಕೊಂಡಿರೋಳೂ ಇವ್ಳೇ. ನಾನು ಡ್ರೈವರ್ ಅಷ್ಟೇ.”

ಹಿಂದೆ ಒಬ್ಬ ಕಿಸಕ್ಕೆಂದ. ನಾನು ತಿರುಗಿ ನೋಡಿದೆ, ಸುಮ್ಮನಾದ. ಅಕ್ಕ ಮುಂದೆ ಬಂದು ಸಹಿ ಹಾಕಿದಳು. ಅವಳ ಉಗುರ ಸಂದಿಯಲ್ಲಿ ಇನ್ನೂ ಶುಂಠಿಯ ಮಣ್ಣಿತ್ತು. ಆ ದಿನ ಭಾವನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಯಿತು, ಸುಳ್ಳು ಯಾಕೆ ಹೇಳಲಿ.

ಹಣ ಆಗಸ್ಟ್‌ನಲ್ಲಿ ಬಂತು, ಅಕ್ಕನ ಖಾತೆಗೆ. ಅವಳು ನೇರವಾಗಿ ನನ್ನ ಅಂಗಡಿಗೆ ಬಂದು, ಎರಡು ಹೊಸ ಟೈರ್ ಇಳಿಸು, ತಮ್ಮ ಅಂತ ರೇಟ್ ಜಾಸ್ತಿ ಹಾಕಬೇಡ ಎಂದಳು. ಮಡಿಕೇರಿಯಲ್ಲಿ ಎಫ್‌ಸಿ ಒಂದೇ ಸಲಕ್ಕೆ ಆಯಿತು. ಅವಳ ಪತ್ರ ಕೊಟ್ಟ ಮೇಲೆ ಕ್ಯೂರಿಂಗ್‌ನವರು ತೆರಿಗೆ ಹಿಡಿಯುವುದನ್ನೂ ನಿಲ್ಲಿಸಿದರು.

ಮೊದಲ ಲೋಡ್ ಮಂಗಳೂರಿಗೆ. ಬೆಳಿಗ್ಗೆ ನಾನು ಗಾಳಿ ನೋಡಿಕೊಡಲು ಹೋಗಿದ್ದೆ. ಭಾವ ಇಂಜಿನ್‌ಗೆ ಕೈಮುಗಿದು ಕ್ಯಾಬಿನ್ ಹತ್ತುವಷ್ಟರಲ್ಲಿ ಅಕ್ಕ ಅಂಗಳಕ್ಕೆ ಬಂದು ಮುನ್ನೂರು ರೂಪಾಯಿ ಚಾಚಿದಳು.

“ಏನೇ ಇದು?”

“ಬಾಟಾ. ಡ್ರೈವರ್‌ಗೆ ಕೊಡ್ಬೇಕಲ್ಲ.”

ಇವತ್ತು ರಾಮಾಯಣವೇ ಆಗುತ್ತದೆ ಎಂದು ನಾನು ಗಾಳಿ ಪಂಪ್ ಕೆಳಗಿಟ್ಟೆ. ಭಾವನ ಕಿವಿ ಕೆಂಪಾಯಿತು. ಅವರು ಆ ನೋಟುಗಳನ್ನು ನೋಡಿದರು, ಅಕ್ಕನ ಮುಖ ನೋಡಿದರು. ಅವಳು ಅಣಕಿಸುತ್ತಿರಲಿಲ್ಲ, ಕೈಯೂ ಹಿಂದೆ ತೆಗೆಯಲಿಲ್ಲ. ಭಾವ ಮೆಟ್ಟಿಲಿಂದ ಕೆಳಗಿಳಿದು ಹಣ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

“ಹಳೇ ಓನರ್ ಐನೂರು ಕೊಡ್ತಿದ್ದ ಕಣೇ.”

“ಬಿಲ್ ತನ್ನಿ, ಉಳಿದದ್ದು ಕೊಡ್ತೀನಿ.”

ಭಾವ ಜೋರಾಗಿ ನಕ್ಕುಬಿಟ್ಟರು. ಲಾರಿ ಹೊರಟ ಮೇಲೂ ಅಕ್ಕ ಬಹಳ ಹೊತ್ತು ಗೇಟಿನ ಹತ್ತಿರವೇ ನಿಂತಿದ್ದಳು. ಮಾರನೇ ದಿನ ಭಾವ ವಾಪಸ್ ಬಂದು, ಕೈಕಾಲು ತೊಳೆಯುವ ಮೊದಲೇ ಅಂಗಿ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಚೀಟಿಗಳನ್ನು ತೆಗೆದು ಅವಳ ಕೈಗಿಟ್ಟರು. ಎರಡು ಊಟದ್ದು, ಒಂದು ಟೀದು.