ನೂರ ಅರವತ್ತರ ನಂತರ ಇನ್ನೂರ ಒಂಬತ್ತು

ನಾನು ಓದು ನಿಲ್ಲಿಸಿದ್ದು ೧೯೯೧ರಲ್ಲಿ, ಏಳನೇ ಕ್ಲಾಸು ಮುಗಿಯುವುದಕ್ಕೂ ಮುಂಚೆ. ಯಾರ ಮುಂದೆ ಬೇಕಾದರೂ ಹೇಳ್ತೀನಿ, ನಾಚಿಕೆಯಿಲ್ಲ. ಅವತ್ತಿನಿಂದ ಶಿವಾಜಿನಗರದ ಇದೇ ಗಲ್ಲಿಯಲ್ಲಿ ಪುಸ್ತಕ ಕಟ್ಟುವ ಕೆಲಸ. ಡಿಗ್ರಿ ಮಾಡಿದವರು ಬರೆದದ್ದೂ ನನ್ನ ಸೂಜಿ ದಾಟಿಯೇ ಅಂಗಡಿಗೆ ಹೋಗಬೇಕು.

ಹೋದ ವಾರ ರಾಮಮೂರ್ತಿ ನಗರದಿಂದ ಒಬ್ಬ ಹೆಂಗಸು ಬೆನ್ನು ಕಿತ್ತುಹೋದ ಕಾದಂಬರಿಯೊಂದನ್ನು ತಂದರು. ಫುಟ್‌ಪಾತಿನಲ್ಲಿ ಸಿಕ್ಕಿತಂತೆ. ಕೈಗೆ ತಗೊಂಡ ಕೂಡಲೇ ಒಣಗಿದ ಮೈದಾ ಅಂಟಿನ ವಾಸನೆ, ಅದರೊಳಗೆ ಹುಳ ಬೀಳದಿರಲಿ ಅಂತ ಬೆರೆಸಿದ ಮೈಲುತುತ್ತದ ಕಟು... ನನ್ನದೇ ಅಂಟು. ಗುರುತು ಹಿಡಿದುಬಿಟ್ಟೆ.

"ನಡುವೆ ಪುಟಗಳೇ ಇಲ್ಲ ನೋಡಿ ಅಣ್ಣ," ಅಂದರು ಆಕೆ. "ಯಾವನೋ ಬೇಜವಾಬ್ದಾರಿ ಬೈಂಡರು."

ಮೈ ಉರಿದುಹೋಯಿತು. ಆ ಯಾವನೋ ನಾನೇ.

ಅದನ್ನು ಬರೆದ ಮೇಡಂ ವಿಮಾನಪುರದಲ್ಲಿದ್ದರು. ವಿಮಾನದ ಬಿಡಿಭಾಗ ಮಾಡುವ ಒಂದು ಸಣ್ಣ ಖಾಸಗಿ ಕಂಪನಿಯಲ್ಲಿ ಮೂವತ್ತು ವರ್ಷ ಬೇರೆಯವರ ನಕ್ಷೆಗಳನ್ನು ಶಾಯಿಯಲ್ಲಿ ತಿದ್ದಿ ಎಳೆದವರು. ಗೆರೆಯೆಲ್ಲಾ ಇವರದ್ದು, ಕೆಳಗಿನ ಸಹಿ ಮಾತ್ರ ಬೇರೆಯವರದ್ದು. ರಿಟೈರಾದ ಮೇಲೆ ಈ ಒಂದು ಕಾದಂಬರಿ ಬರೆದರು. ಹಲಸೂರಿನ ಹೆಂಗಸೊಬ್ಬಳು ರಾಗಿ ಬೀಸಿಸಲು ಹೋಗಿ, ಮುಚ್ಚಿದ ಗಿರಣಿಯ ಶಟರ್ ಎತ್ತುತ್ತಾಳೆ. ಆಚೆಗೆ ಬೇರೆಯೇ ಲೋಕ! ಮೊದಲು ಕತ್ತಿ ಹಿಡಿದ ರಾಜರ ಸೀಮೆ. ಅಲ್ಲಿಂದ ಇನ್ನೊಂದು ಬಾಗಿಲು, ದೆವ್ವಗಳೇ ಆಳುವ ಊರು. ಅದನ್ನೂ ದಾಟಿದರೆ ಮೋಡದ ಮೇಲೆ ತೇಲುವ ಯಂತ್ರಗಳ ಪಟ್ಟಣ. ಅಲ್ಲಿ ಅವಳು ತನಗೆ ತಾನೇ ರೆಕ್ಕೆಯ ನಕ್ಷೆ ಎಳೆದು, ರೆಕ್ಕೆ ಕಟ್ಟಿ, ಅದರ ಮೇಲೆ ತನ್ನ ಹೆಸರು ಬರೆದುಕೊಳ್ಳುತ್ತಾಳೆ. ಅದೇ ರೆಕ್ಕೆಯಲ್ಲಿ ಹಾರಿ ಮನೆಗೆ ಬರುತ್ತಾಳೆ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಾನು ಓದಿದ್ದೆ. ಪ್ರೆಸ್ಸಿನಿಂದ ಪುಸ್ತಕ ಪುಸ್ತಕವಾಗಿ ಬರುವುದಿಲ್ಲ, ಫಾರಂ ಬರುತ್ತದೆ. ಒಂದು ದೊಡ್ಡ ಹಾಳೆ ಮಡಚಿದರೆ ಹದಿನಾರು ಪುಟ, ಅದು ಒಂದು ಫಾರಂ. ಯಾವುದು ಮೊದಲು ಅಚ್ಚಾಯಿತೋ ಅದು ಮೊದಲು ಬರುತ್ತದೆ. ಹಾಗಾಗಿ ನಾನು ಕಥೆಯನ್ನು ನಡುವಿನಿಂದ ಶುರುಮಾಡಿದೆ.

ಮೇಡಂ ಒಂದು ದಿನ ತಾವೇ ಬಂದರು. ಬರೆದವರು ನನ್ನ ಶೆಡ್ಡಿನ ತನಕ ಬಂದದ್ದು ಅದೇ ಮೊದಲು. ಕಾಗದದ ಕಟ್ಟಿನ ಮೇಲೆ ಕೂತು ಟೀ ಕುಡಿದರು.

"ಓದ್ತೀಯೇನಪ್ಪಾ?"

"ಹನ್ನೆರಡನೇ ಫಾರಂ ಮೊದಲು ಬಂತು ಮೇಡಂ. ಅವಳು ರೆಕ್ಕೆ ಎಳೀತಾ ಕೂತಿದ್ದಾಳೆ. ಯಾರು, ಯಾಕೆ, ಒಂದೂ ಗೊತ್ತಿಲ್ಲ. ಆದ್ರೂ ಕೆಲ್ಸ ಬಿಟ್ಟು ಓದ್ಬಿಟ್ಟೆ."

ನಕ್ಕರು. "ಸಿಕ್ಕ ಮೊದಲನೇ ಓದುಗ ಹೊಟ್ಟೆಯಿಂದ ಶುರುಮಾಡಿದ್ದಾನೆ ನೋಡು!"

ಎಲ್ಲ ಫಾರಂ ಬಂದು ಹೊಲಿಗೆಗೆ ಕೂತಾಗ ಪ್ರಕಾಶಕರ ಫೋನು. "ಹನ್ನೊಂದು, ಹನ್ನೆರಡು, ಹದಿಮೂರು ತೆಗೆದು ಹೊಲಿ ಗುರು. ರಾಜ, ದೆವ್ವ ಸಾಕು. ಅದರ ಮೇಲೆ ಯಂತ್ರ ಬೇರೆ ಬಂದ್ರೆ ಕಲಸುಮೇಲೋಗರ ಅಂತಾರೆ, ಲೈಬ್ರರಿಯವ್ರು ತಗೊಳ್ಳಲ್ಲ."

"ಪುಟದ ನಂಬರು ಎಗರುತ್ತಲ್ಲ ಸಾರ್?"

"ಯಾರು ನೋಡ್ತಾರೆ ಬಿಡೋ. ಮೇಡಂ ಒಪ್ಪಿದ್ದಾರೆ."

ಆ ಕೊನೆಯ ಮಾತನ್ನು ನಂಬಿದೆ. ಮುನ್ನೂರು ಪ್ರತಿ ಹಾಗೆಯೇ ಹೊಲಿದೆ. ತೆಗೆದ ಫಾರಂಗಳನ್ನು ರದ್ದಿಗೆ ಹಾಕಲು ಕೈ ಬರಲಿಲ್ಲ. ಮೂರು ಮೂರು ಸೇರಿಸಿ ಕಟ್ಟಿ ಅಟ್ಟಕ್ಕೆ ಹಾಕಿದೆ.

ಬಿಡುಗಡೆ ಹಲಸೂರಿನ ಒಂದು ಸಣ್ಣ ಹಾಲಿನಲ್ಲಿ. ಮೇಡಂ ಫೋನ್ ಮಾಡಿ ಕರೆದಿದ್ದರು. ಇಸ್ತ್ರಿ ಶರ್ಟು ಹಾಕ್ಕೊಂಡು ಹೋಗಿ ಹಿಂದಿನ ಸಾಲಲ್ಲಿ ಕೂತೆ. ಮಾತಾಡಲು ಬಂದ ವಿದ್ವಾಂಸರೊಬ್ಬರು ಪುಸ್ತಕ ಎತ್ತಿ ಹಿಡಿದರು. "ನೂರ ಅರವತ್ತನೇ ಪುಟದಲ್ಲಿ ನಾಯಕಿ ಸ್ಮಶಾನದಲ್ಲಿದ್ದಾಳೆ. ಪಕ್ಕದ ಪುಟಕ್ಕೆ ಬಂದರೆ ಆಕಾಶದಲ್ಲಿ ಹಾರ್ತಾ ಇದ್ದಾಳೆ! ರೆಕ್ಕೆ ಎಲ್ಲಿ ಸಿಕ್ತು ಮೇಡಂ, ಕಮರ್ಷಿಯಲ್ ಸ್ಟ್ರೀಟಲ್ಲಾ?" ಹಾಲೆಲ್ಲ ನಗು. ಪುಟದ ಅಂಕಿ ನೋಡುವಷ್ಟು ವ್ಯವಧಾನ ಆ ದೊಡ್ಡ ಮನುಷ್ಯರಿಗಿರಲಿಲ್ಲ. ಮೇಡಂ ತಮ್ಮ ಮುಂದಿದ್ದ ಪ್ರತಿ ತೆಗೆದು ನೋಡಿದರು. ತಿರುಗಿಸಿದರು. ಹಿಂದಕ್ಕೆ ತಿರುಗಿಸಿದರು. ಅವರ ಮುಖ...

"ಇನ್ನೂರ ಒಂಬತ್ತು ಅಂತಿದೆ. ನಡುವಿನದ್ದು ಎಲ್ಲಿ?" ಅಂದರು.

ಪ್ರಕಾಶಕರು ಮೈಕು ಎಳೆದುಕೊಂಡರು. "ಬೈಂಡರ್ ತಪ್ಪು, ಕ್ಷಮಿಸಬೇಕು. ಏಳನೇ ಕ್ಲಾಸು ಫೇಲಾದವನು, ಎಣಿಸೋಕೆ ಬರಲ್ಲ."

ನಾನು ಎದ್ದು ನಿಂತೆ. "ನಾನು ಫೇಲಾಗಿಲ್ಲ ಸಾರ್, ಬಿಟ್ಟಿದ್ದು. ಆ ಫಾರಂ ತೆಗೆಸಿದ್ದು ನೀವು!"

"ಆಮೇಲೆ ಮಾತಾಡೋಣ, ಕೂತ್ಕೋ ಗುರು." ಯಾರೋ ಚಪ್ಪಾಳೆ ತಟ್ಟಿದರು. ಜನ ಎದ್ದು ಖಾರಾಬಾತಿನ ಕಡೆ ಹೋದರು. ಮೂವತ್ತು ವರ್ಷ ಗೆರೆ ಎಳೆದ ಹೆಂಗಸಿನ ಪುಸ್ತಕದ ಮರ್ಯಾದೆ ಅಷ್ಟೇ. ಇವತ್ತಿಗೂ ಹೇಳ್ತೀನಿ, ಓದಿದವರು ಅಂದರೆ ಯಾರು? ಆ ವೇದಿಕೆಯ ಮೇಲೆ ಆ ನಲವತ್ತೆಂಟು ಪುಟ ಓದಿದ್ದವರು ಬರೆದವರೊಬ್ಬರೇ. ವೇದಿಕೆಯ ಕೆಳಗೆ, ನಾನೊಬ್ಬ.

ಮರುದಿನ ಬೆಳಗ್ಗೆ ಸ್ಕೂಟರಿನಲ್ಲಿ ಒಂದು ಕಟ್ಟು ಫಾರಂ ಇಟ್ಟುಕೊಂಡು ವಿಮಾನಪುರಕ್ಕೆ ಹೋದೆ. ನಡೆದದ್ದೆಲ್ಲ ಹೇಳಿದೆ. ಮೇಡಂ ಬಾಗಿಲಲ್ಲೇ ನಿಂತು ಕೇಳಿದರು.

"ಅವರು ಸುಳ್ಳು ಹೇಳಿದ್ರು, ಸರಿ. ಆದರೆ ನೀನು ಓದಿದ್ದೆಯಲ್ಲಪ್ಪಾ. ಓದಿದವನು ನನ್ನನ್ನೊಂದು ಮಾತು ಕೇಳಬಾರದಾಗಿತ್ತಾ?"

ಪ್ರಕಾಶಕರ ಮೇಲಿನ ಸಿಟ್ಟಿಗೆ ನನ್ನ ಹತ್ತಿರ ಬೇಕಾದಷ್ಟು ಮಾತಿತ್ತು. ಆದರೆ ಯಾವ ಫಾರಂ ತೆಗೀತಿದ್ದೀನಿ ಅಂತ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ...

ಮೇಡಂ ಪಾಲಿಗೆ ಕೊಟ್ಟಿದ್ದ ಇಪ್ಪತ್ತೈದು ಪ್ರತಿ ತಗೊಂಡು ಬಂದು, ಹೊಲಿಗೆ ಬಿಚ್ಚಿ, ಫಾರಂ ಸೇರಿಸಿ, ಮತ್ತೆ ಹೊಲಿದುಕೊಟ್ಟೆ. ಉಳಿದವನ್ನೂ ಹಾಗೇ ಮಾಡಿಕೊಡ್ತೀನಿ, ಒಂದು ಕಾಸೂ ಬೇಡ ಅಂತ ಪ್ರಕಾಶಕರ ಬಾಗಿಲಿಗೆ ಹೋದೆ. "ಎಲ್ಲಾ ಕಳಿಸಾಯ್ತು" ಅಂದರು, ತಲೆ ಎತ್ತದೆ. ಅವರ ಕೆಲಸ ಆವತ್ತೇ ಬಿಟ್ಟೆ. ಅದಾಗಿ ಎರಡು ವರ್ಷಕ್ಕೆ ಮೇಡಂ ಹೋದರು. ಇನ್ನೊಂದು ಪುಸ್ತಕ ಬರೆಯಲಿಲ್ಲ.

ರಾಮಮೂರ್ತಿ ನಗರದ ಆಕೆಗೆ ಹೇಳಿದೆ, "ಆ ಬೈಂಡರು ನಾನೇ ಅಮ್ಮಾ. ಪುಟ ಇವೆ, ಗುರುವಾರ ಬನ್ನಿ." ಬಂದರು, ಪೂರ್ತಿ ಪುಸ್ತಕ ತಗೊಂಡು ಹೋದರು. ಮೇಡಂಗೆ ಹೇಳೋಣ ಅಂದರೆ ಮೇಡಂ ಇಲ್ಲ.

ಈಗ ನನ್ನ ಹತ್ತಿರ ಇರುವುದು: ಕತ್ತರಿಸುವ ಮೆಷಿನ್ ಒಂದು. ಹೊಲಿಗೆಯ ಮಣೆ ಎರಡು. ಬಾಡಿಗೆ ಶೆಡ್ಡು ಒಂದು. ಹೊಲಿದದ್ದು ಮುನ್ನೂರು, ಮೇಡಂ ಕೊಟ್ಟದ್ದು ಇಪ್ಪತ್ತೈದು, ಫುಟ್‌ಪಾತುಗಳಲ್ಲಿ ನಾನೇ ಹುಡುಕಿ ತಂದದ್ದು ಆರು, ಈಕೆಯದ್ದು ಒಂದು, ಒಟ್ಟು ಪೂರ್ತಿಯಾದದ್ದು ಮೂವತ್ತೆರಡು. ಅಟ್ಟದ ಮೇಲೆ ಉಳಿದ ಕಟ್ಟು ಇನ್ನೂರ ಅರವತ್ತೆಂಟು.